ಒಂದು ಮುಚ್ಚಳ ಕೊಸರು

"ತಂತಿ ಕೊಯ್ಯಬ್ಯಾಡ್ರಿ" ಎಂದು ಅಮೋಘಿ ಮೂರನೆಯ ಸಲ ಹೇಳಿದ. "ಒಂದ ತಂತಿ ಕೊಯ್ದ್ರ ಇಡೀ ದ್ರಾಕ್ಷಿ ಹಂದರ ಕುಸೀತೈತಿ. ಹಣ್ಣಿನ ಕಾಲ ಐತಿ."

ಅವನ ಮುಖದಿಂದ ಒಂದು ಗೇಣು ದೂರದಲ್ಲಿ ಇನ್ನೊಂದು ಮುಖವಿತ್ತು. ಅದು ತಲೆಕೆಳಗಾಗಿತ್ತು. ಆ ತಲೆಗೆ ಕೆಂಪು ಹೆಲ್ಮೆಟ್ಟು. ಹೆಲ್ಮೆಟ್ಟಿನ ಮೇಲೆ ಬಿಳಿಯ ಅಕ್ಷರಗಳಲ್ಲಿ 'ಕ್ಯಾಪ್ಟನ್' ಎಂದು ಬರೆದಿತ್ತು. ಅದನ್ನು ಓದುವುದಕ್ಕಾಗಿ ಜೈನಾಪುರದ ಜನ ಒಬ್ಬೊಬ್ಬರಾಗಿ ಬಂದು ಕುತ್ತಿಗೆ ತಿರುಚಿ ನಿಂತು ಹೋಗುತ್ತಿದ್ದರು.

"ಅಮೋಘಣ್ಣ, ಪೆಟ್ರೋಲ್ ಸೋರಾಕತ್ತೈತಿ" ಎಂದಿತು ತಲೆಕೆಳಗಾದ ಮುಖ.

"ಸೋರ್ಲಿ. ಪೆಟ್ರೋಲ್ ನಿಂದು. ದ್ರಾಕ್ಷಿ ನಂದು."

"ಯಾರೋ ಬೀಡಿ ಹಚ್ಚ್ಯಾರ."

ಎಲ್ಲರೂ ತಿರುಗಿ ನೋಡಿದರು. ಒಬ್ಬ ಮುದುಕ ನಿಜಕ್ಕೂ ಬೀಡಿ ಹಚ್ಚಿದ್ದ. ಜನ ಬೈದರು. ಅವನು ಬೀಡಿ ಆರಿಸದೆ ಹತ್ತು ಹೆಜ್ಜೆ ದೂರ ಹೋಗಿ, ಅಲ್ಲಿಂದ ಸರಿಯಾಗಿ ಕಾಣುವುದಿಲ್ಲವೆಂದು ಐದು ಹೆಜ್ಜೆ ಹಿಂದಕ್ಕೆ ಬಂದ.

ಹಂದರದ ಉಕ್ಕಿನ ತಂತಿಗಳ ನಡುವೆ ಮೂರು ಗಾಲಿಯ ಒಂದು ಸಣ್ಣ ಬಂಡಿ ಮಗುಚಿಕೊಂಡಿತ್ತು. ಬಂಡಿಯ ಹಿಂದಿನ ದೊಡ್ಡ ಫ್ಯಾನು ಎರಡು ಸಾಲು ಬಳ್ಳಿಯನ್ನು ಮೈಗೆ ಸುತ್ತಿಕೊಂಡಿತ್ತು. ಬಂಡಿಯನ್ನು ಮೇಲಕ್ಕೆತ್ತಿ ಹಿಡಿಯಬೇಕಾಗಿದ್ದ ಪ್ಯಾರಾಶೂಟಿನಂಥ ಬಟ್ಟೆಯ ರೆಕ್ಕೆ ಆರು ಸಾಲುಗಳ ಮೇಲೆ ಮದುವೆಯ ಚಪ್ಪರದಂತೆ ಹರಡಿ ಬಿದ್ದಿತ್ತು. ಇದರ ಮಾಲೀಕ ಸಿದ್ದರಾಯ ಬೆಲ್ಟಿಗೆ ಸಿಕ್ಕಿಬಿದ್ದು ಗೊಂಚಲುಗಳ ನಡುವೆ ಇನ್ನೊಂದು ಗೊಂಚಲಾಗಿ ತೂಗುತ್ತಿದ್ದ.

"ಡ್ರೋನ್ ತಗೊಂಡಿದ್ರ ಆಗತಿತ್ತು" ಎಂದು ಗುಂಪಿನಲ್ಲಿ ಒಬ್ಬ ಹೇಳಿದ.

"ಡ್ರೋನಿನ್ಯಾಗ ಕುಂಡ್ರಾಕ ಬರಂಗಿಲ್ಲ" ಎಂದು ಸಿದ್ದರಾಯ ಇದ್ದ ಭಂಗಿಯಲ್ಲೇ ಉತ್ತರಿಸಿದ. ಈ ಪ್ರಶ್ನೆಗೆ ಅವನು ಎರಡು ವರ್ಷಗಳಿಂದ ಇದೇ ಉತ್ತರ ಕೊಡುತ್ತ ಬಂದಿದ್ದ.

ಟಂಟಂ ರಿಕ್ಷಾದಲ್ಲಿ ಅವನ ತಾಯಿ ಮುದುಕವ್ವ ಬಂದಿಳಿದಳು. ಮಗ ಜೀವಂತ ಇದ್ದಾನೆಂಬುದನ್ನು ಅವನ ಮೂಗಿನ ಕೆಳಗೆ, ಅಂದರೆ ಮೇಲೆ, ಬೆರಳಿಟ್ಟು ಖಾತ್ರಿ ಮಾಡಿಕೊಂಡಳು. ಆಮೇಲೆ ಕೇಳಿದಳು: "ಮುಂಜಾನಿ ರೊಟ್ಟಿ ತಿಂದಿದ್ದಿಲ್ಲೋ?"

"ತಿಂದಿದ್ನಿ ಯವ್ವಾ."

"ಎಷ್ಟು?"

"ಎರಡು."

"ಅದಕ್ಕ" ಎಂದು ಮುದುಕವ್ವ ಗುಂಪಿನತ್ತ ತಿರುಗಿ ಹೇಳಿದಳು. "ಇನ್ನೊಂದು ತಿನ್ನು ಅಂದ್ನಿ. ಕೇಳ್ಲಿಲ್ಲ."

ಒಂದು ತಾಸಿನ ಮೇಲೆ, ಒಂದೂ ತಂತಿ ಕೊಯ್ಯದೆ, ಬೆಲ್ಟನ್ನು ಕೊಯ್ದು, ಕೆಳಗೆ ಗಾದಿ ಹಾಸಿ, ಕ್ಯಾಪ್ಟನ್ನನನ್ನು ಇಳಿಸಲಾಯಿತು. ಎರಡು ಬೆರಳು ಮುರಿದಿದ್ದವು. ತಲೆಯ ಮೇಲೆ ಒಂದು ಬುಗುಟು. ಹಂದರಕ್ಕೆ ಆದ ಪೆಟ್ಟು ಇದಕ್ಕಿಂತ ಹೆಚ್ಚಿನದೆಂದು ಅಲ್ಲಿದ್ದವರೆಲ್ಲ ಒಪ್ಪಿದರು.

ಸಿದ್ದರಾಯನಿಗೆ ಟಿಕೋಟಾದಲ್ಲಿ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯ ಅಂಗಡಿಯಿತ್ತು. ವಯಸ್ಸು ನಲವತ್ತೆರಡು. ಮಹಾರಾಷ್ಟ್ರದ ಒಂದು ಗುಡ್ಡದ ಮೇಲೆ ಹತ್ತು ದಿನದ ತರಬೇತಿ ಮುಗಿಸಿ, ಅಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಕ್ಲಬ್ಬಿನಿಂದ ಈ ಹಳೆಯ ಹಾರುವ ಬಂಡಿಯನ್ನು ಕೊಂಡು ತಂದಿದ್ದ. ಹತ್ತು ದಿನದ ಪ್ರಮಾಣಪತ್ರ ಬಬಲೇಶ್ವರದ ಅವನ ಮನೆಯ ಜಗಲಿಯ ಮೇಲೆ ದೇವರ ಫೋಟೋಗಳ ಸಾಲಿನಲ್ಲಿತ್ತು. ಮುದುಕವ್ವ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಮೇಲಿನಿಂದ ನೋಡಿದರೆ ಯಾವ ತೋಟಕ್ಕೆ ರೋಗ ಬಿದ್ದಿದೆಯೆಂದು ಹೇಳಬಹುದು ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಅವನು ಮೇಲಿನಿಂದ ನೋಡಿದ್ದೇನೆಂದರೆ ತಲೆಯೆತ್ತಿ ತನ್ನನ್ನು ನೋಡುತ್ತಿರುವ ಜನ. ಅದೇ ಸಾಕಾಗಿತ್ತು.

ಅಂದು ಸಂಜೆ ವಿಜಯಪುರದಿಂದ ಮಶಾಕಸಾಬ ಬಂದ. ಸೊಲ್ಲಾಪುರ ರಸ್ತೆಯಲ್ಲಿ ಅವನ ಗ್ಯಾರೇಜು. ನಲವತ್ತು ವರ್ಷ ಅವನು ಟು-ಸ್ಟ್ರೋಕ್ ಬೈಕುಗಳನ್ನು ಮಾತ್ರ ಮುಟ್ಟಿದವನು. ಆ ಬೈಕುಗಳು ಒಂದೊಂದಾಗಿ ಗುಜರಿಗೆ ಹೋದವು. ಅವನ ಪಾಲಿಗೆ ಉಳಿದ ಕೊನೆಯ ಟು-ಸ್ಟ್ರೋಕ್ ಎಂಜಿನ್ ಸಿದ್ದರಾಯನ ಬೆನ್ನ ಹಿಂದೆ ಆಕಾಶದಲ್ಲಿ ತಿರುಗುತ್ತಿತ್ತು. ಆದ್ದರಿಂದ ಅವನು ಬೀಗನಂತೆ ಬಂದು ಹೋಗುತ್ತಿದ್ದ. ಪ್ಲಗ್ ಒರೆಸುವನು, ಕಾರ್ಬುರೇಟರ್ ತೊಳೆಯುವನು, ಪಿಸ್ಟನ್ ತಲೆಗೆ ಹತ್ತಿದ ಮಸಿ ಕೆರೆಯುವನು, ಹಾರಾಟ ಇದ್ದಾಗ ತಾನೇ ಪೆಟ್ರೋಲಿಗೆ ಎಣ್ಣೆ ಕಲೆಸಿ ಕ್ಯಾನ್ ತುಂಬಿ ಕಳಿಸುವನು.

ಅಂಗಳದಲ್ಲಿ ಕೂತು ಅವನು ಪ್ಲಗ್ ಬಿಚ್ಚಿದ. ಅದು ಕಪ್ಪಾಗಿ, ಒದ್ದೆಯಾಗಿ, ಸುಟ್ಟ ಬದನೆಕಾಯಿಯ ತೊಟ್ಟಿನಂತಿತ್ತು. ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ.

"ಇದ್ರಾಗ ಒಗ್ಗರಣಿ ವಾಸನಿ ಯಾಕ ಬರಾಕತ್ತೈತಿ?" ಎಂದು ಕೇಳಿದ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಿ ಮುಗಿಸಬೇಕು. ಟು-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಹಾಕಲು ಬೇರೆ ಬಾಯಿ ಇರುವುದಿಲ್ಲ. ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಒಳಗೆ ಹೋಗಬೇಕು. ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಹತ್ತು ಲೀಟರಿಗೆ ಇನ್ನೂರು ಮಿಲಿ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ಕಿಡಿ ಸಾಯುತ್ತದೆ. ಇಲ್ಲವೇ ಇಲ್ಲವಾದರೆ ಪಿಸ್ಟನ್ ಕಾಯ್ದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೊದಲನೆಯದರಲ್ಲಿ ಮರ್ಯಾದೆ ಹೋಗುತ್ತದೆ. ಎರಡನೆಯದರಲ್ಲಿ ಹೋಗುವುದು ಬೇರೆ.

"ನೀವ ಎಷ್ಟ ಹಾಕಿದ್ರಿ ಚಾಚಾ?" ಎಂದು ಸಿದ್ದರಾಯನ ಹೆಂಡತಿ ಕಸ್ತೂರಿ ಕೇಳಿದಳು.

"ಇನ್ನೂರು. ಅಳದು ಹಾಕೇನಿ." ಮಶಾಕಸಾಬ ಪ್ಲಗ್ಗನ್ನು ಬಟ್ಟೆಯಿಂದ ಒರೆಸುತ್ತ, "ಮ್ಯಾಲ ಒಂದೀಟು. ಮನಷ್ಯಾ ಕುಂಡ್ರೂ ಬಂಡಿ ಅಲ್ಲೇನು" ಎಂದ.

ಅವನ ಜೊತೆಗೆ ಬಂದಿದ್ದ ಹೆಂಡತಿ ಹಾಜಿರಾಬಿ ಸೆರಗು ಸರಿಮಾಡಿಕೊಂಡಳು. "ನಾನೂ ಅರ್ಧಾ ಚಾ ಬಟ್ಟಲದಷ್ಟು ಹಾಕೇನಿ. ಕ್ಯಾನ್ ಬಾಗಿಲ ದಾಟೂಮುಂದ. ಬಿಸ್ಮಿಲ್ಲಾ ಅಂದು ಹಾಕೇನಿ."

"ಪ್ರತಿ ಸಲಾನೂ?" ಎಂದು ಗಂಡ ಕೇಳಿದ.

"ಮತ್ತ? ಒಂದ ಸಲ ಹಾಕಿ ಒಂದ ಸಲ ಬಿಡಾಕ ಅಕ್ಕೈತೇನು?"

ಕಸ್ತೂರಿ ನೆಲ ನೋಡಿದಳು. ಅವಳು ಮನೆಯಲ್ಲಿದ್ದ ಎಣ್ಣೆ ಡಬ್ಬಿಯಿಂದ ಎರಡು ಮುಚ್ಚಳ ಹಾಕುತ್ತಿದ್ದಳು. ಗಂಡ ಮೇಲೆ ಹೋಗುವಾಗ ತನ್ನ ಕೈಯಿಂದಲೂ ಏನಾದರೂ ಇರಲಿ ಎಂದು.

ಆಗ ಎಲ್ಲರೂ ಮುದುಕವ್ವನ ಕಡೆ ನೋಡಿದರು.

"ನಂದು ಒಂದ ಮುಚ್ಚಳ" ಎಂದಳು ಅವಳು ಹೆಮ್ಮೆಯಿಂದ. "ಅಂಗಡಿ ಎಣ್ಣಿ ಅಲ್ಲ ಮತ್ತ. ಗಾಣದ ಕುಸುಬಿ ಎಣ್ಣಿ."

"ಯಾವ ಮುಚ್ಚಳ ಅಕ್ಕಾ?" ಎಂದು ಮಶಾಕಸಾಬ ಮೆಲ್ಲಗೆ ಕೇಳಿದ.

"ಹಾಲಿನ ಕ್ಯಾನಿಂದು."

ಎಲ್ಲರ ಕಣ್ಣು ಗೋಡೆಯತ್ತ ಹೋಯಿತು. ಹಾಲಿನ ಕ್ಯಾನು ಗೂಟಕ್ಕೆ ನೇತಾಡುತ್ತಿತ್ತು. ಅದರ ಮುಚ್ಚಳದಲ್ಲಿ ಒಂದು ಬೆಕ್ಕು ಹೊಟ್ಟೆ ತುಂಬ ಹಾಲು ಕುಡಿಯಬಹುದಿತ್ತು.

ನಾವು ಮುದುಕವ್ವನನ್ನು ದೂರುವ ಮೊದಲು ಅವಳ ಸಿದ್ಧಾಂತವನ್ನು ತಿಳಿಯಬೇಕು. "ಅಳತಿ ತಕ್ಕಡಿದು, ಕೊಸರು ಕೈದು" ಎಂದು ಅವಳು ಹೇಳುತ್ತಿದ್ದಳು. ಅಳೆದಷ್ಟೇ ಕೊಡುವವನು ಕೊಟ್ಟಂತಲ್ಲ. ಬಬಲೇಶ್ವರದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಸಂಘಮಿತ್ರಾಳ ಹತ್ತಿರ ಅವಳು ಅರ್ಧ ಕಿಲೋ ಬದನೆಕಾಯಿಗೆ ಐದು ನಿಮಿಷ, ಅದರ ಕೊಸರಿಗೆ ಇಪ್ಪತ್ತು ನಿಮಿಷ ಚೌಕಾಸಿ ಮಾಡುತ್ತಿದ್ದಳು. ಸಂಘಮಿತ್ರಾ ಎರಡು ಕಾಯಿ ಹಾಕಿದರೆ ಇವಳು ಮೂರನೆಯದನ್ನು ತಾನೇ ಎತ್ತಿಕೊಳ್ಳುವಳು. ಆಮೇಲೆ ಒಂದು ಕಟ್ಟು ಕೊತ್ತಂಬರಿ. ಜಗಳ ನೋಡಲು ಬೇರೆ ಗಿರಾಕಿಗಳು ನಿಲ್ಲುತ್ತಿದ್ದರು. ಹಾಗೆ ಕೊಸರಿನಿಂದಲೇ ಬೆಳೆದ ಮಗ ಐನೂರು ಅಡಿ ಮೇಲೆ ಹೋಗುವಾಗ ಅಳೆದಷ್ಟೇ ಎಣ್ಣೆಯಲ್ಲಿ ಕಳಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ?

"ನಾ ಅದನ್ನ ಹಾಕಿದ್ದಕ್ಕ ನೀ ಹಂದರದ ಮ್ಯಾಲ ಬಿದ್ದಿ" ಎಂದು ಅವಳು ಮಗನಿಗೆ ಹೇಳಿದಳು. "ಇಲ್ಲಂದ್ರ ಬಾವ್ಯಾಗ ಬೀಳತಿದ್ದಿ."

ಅದೇ ಹೊತ್ತಿಗೆ ಅಮೋಘಿ ಬಂದ. ಮುರಿದ ಬಳ್ಳಿಯ ಒಂದು ತುಂಡನ್ನು ಸಾಕ್ಷಿಯಾಗಿ ತಂದಿದ್ದ. ಕಸ್ತೂರಿ ಚಹಾ ಕೊಟ್ಟಳು.

"ನಷ್ಟ ಏನಾಗೈತಿ ಹೇಳ್ರಿ ಅಣ್ಣಾ, ಕೊಡ್ತೀವಿ" ಎಂದಳು.

"ರೊಕ್ಕ ಯಾರಿಗೆ ಬೇಕಾಗೈತಿ" ಎಂದ ಅಮೋಘಿ. "ಮುಂದಿನ ತಿಂಗಳ ನನ್ನ ಮಗಳು ವಿಶಾಖಾನ ಲಗ್ನ ಐತಿ. ಬೀಗರು ಸೊಲ್ಲಾಪುರದವರು. ಹೆಲಿಕಾಪ್ಟರ್ ತರ್ತೀವಿ ಅಂತ ಅವರು ಬಡಾಯಿ ಹೊಡದು ಆಮ್ಯಾಲ ಸುಮ್ಮನಾಗ್ಯಾರ. ನಮ್ಮ ಕಡಿಂದ ಮ್ಯಾಲಿಂದ ಹೂ ಬೀಳಬೇಕು. ಮೆರವಣಿಗಿ ಮ್ಯಾಲ ಮೂರು ಸುತ್ತು, ಮೂರು ಚೀಲ ಹೂ. ನೀ ಬಂದು ಚೆಲ್ಲಿದ್ರ ಹಂದರದ ಲೆಕ್ಕ ಚುಕ್ತಾ. ಆಗಂಗಿಲ್ಲಂದ್ರ ಹೇಳು, ಊರಿಗೆಲ್ಲಾ ಕ್ಯಾಪ್ಟನ್ನಗ ಬರೇ ಬೀಳಾಕ ಬರ್ತೈತಿ ಅಂತ ಹೇಳ್ತೀನಿ."

"ಬರ್ತೀನಿ" ಎಂದ ಸಿದ್ದರಾಯ. ಕಸ್ತೂರಿ ಬಾಯಿ ತೆರೆಯುವುದರೊಳಗೆ ಮಾತು ಮುಗಿದಿತ್ತು.

ಅಮೋಘಿ ಹೋದ ಮೇಲೆ ಮಶಾಕಸಾಬ ಎದ್ದು ನಿಂತ. ಅವನು ನಮಾಜಿಗೆ ನಿಂತವನಷ್ಟೇ ಗಂಭೀರವಾಗಿದ್ದ.

"ಕೇಳ್ರಿ. ಎಂಜಿನ್ ಅನ್ನೂದು ಎಳೀ ಕೂಸು ಇದ್ದಂಗ. ಪ್ರೀತಿಲೆ ತುರುಕಿದ್ರ ವಾಂತಿ ಮಾಡ್ತೈತಿ. ಇವತ್ತಿನಿಂದ ಎಣ್ಣಿ ಒಬ್ಬರ ಕೈಲೆ. ಬಾಕಿದವರು ಯಾರೂ ಮುಟ್ಟಂಗಿಲ್ಲ. ಆಣಿ ಮಾಡ್ರಿ."

ಹಾಜಿರಾಬಿ ಮಾಡಿದಳು. ಕಸ್ತೂರಿ ಮಾಡಿದಳು. ಮುದುಕವ್ವ ಕೂತಲ್ಲೇ ಹಾಲಿನ ಕ್ಯಾನಿನ ಕಡೆ ನೋಡಿದಳು. ಆಮೇಲೆ ಎದ್ದು ಬಂದು ಮಗನ ತಲೆಯ ಮೇಲೆ, ಬುಗುಟಿನ ಮೇಲೇ, ಬಲಗೈ ಇಟ್ಟಳು.

"ಇವನ ಬಂಡಿಗೆ ಎಣ್ಣಿ ಹಾಕಂಗಿಲ್ಲ. ಇವನ ತಲಿ ಮ್ಯಾಲ ಆಣಿ." ಕೈ ತೆಗೆಯಲಿಲ್ಲ. "ಇನ್ನ ಮ್ಯಾಲ ಯಾರಿಗೂ ಕೊಸರು ಹಾಕಂಗಿಲ್ಲ. ಯಾರ ಕಡಿಂದೂ ಹಾಕಿಸ್ಕೊಳ್ಳಂಗಿಲ್ಲ. ಮುರದ್ರ ಇವನ ಜೀವ ಉಳಿಯಂಗಿಲ್ಲ."

ಕೇಳಿದ್ದು ಎಣ್ಣೆಯ ಆಣೆ ಮಾತ್ರ. ಆಣೆಗೂ ಅವಳು ಕೊಸರು ಹಾಕಿದ್ದಳು.

ಇನ್ನುಳಿದದ್ದು ಒಂದೇ ಪ್ರಶ್ನೆ: ಆ ಒಬ್ಬರು ಯಾರು? ಅದನ್ನು ಕೇಳಲು ಸಿದ್ದರಾಯ ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಹವಾಲ್ದಾರ ಒಳಗೆ ಬಂದ.

"ಜೈನಾಪುರದಾಗ ಬಿದ್ದ ಗಾಡಿ ಯಾರದು?"

"ಅದು ಗಾಡಿ ಅಲ್ರಿ, ಏರ್‌ಕ್ರಾಫ್ಟ್" ಎಂದ ಸಿದ್ದರಾಯ.

"ನಂಬರ್ ಪ್ಲೇಟ್?"

"ಇರಂಗಿಲ್ರಿ."

ಹವಾಲ್ದಾರ ಬರೆದುಕೊಂಡ. "ಹೊಗಿ ಸರ್ಟಿಫಿಕೇಟ್? ನೀವು ಹಾರಿದ್ರ ಹಿಂದ ನೀಲಿ ಹೊಗಿ ಬರ್ತೈತಿ ಅಂತ ತಕರಾರು ಐತಿ. ಒಬ್ಬರು ಹೊರಗ ಹಾಕಿದ್ದ ಹಪ್ಪಳ ಕರ್ರಗಾಗ್ಯಾವಂತ."

"ಟು-ಸ್ಟ್ರೋಕ್ ಅಂದ್ರ ಹೊಗಿ ಇರ್ತೈತ್ರಿ" ಎಂದು ಮಶಾಕಸಾಬ ನಡುವೆ ಬಂದ. "ಹೊಗಿ ಬಂತಂದ್ರ ಒಳಗ ಎಣ್ಣಿ ಐತಿ ಅಂತ ಅರ್ಥ. ಹೊಗಿ ಅದರ ಉಸಿರು."

"ಉಸಿರ ನಿಮ್ಮ ಗ್ಯಾರೇಜಿನ್ಯಾಗ ಬಿಡ್ರಿ. ಕಾಯ್ದೆದಾಗ ಹೊಗಿ ಅಂದ್ರ ದಂಡ." ಅವನು ಸಿದ್ದರಾಯನನ್ನು ಮೇಲಿಂದ ಕೆಳಗೆ ನೋಡಿದ. "ಹೆಲ್ಮೆಟ್ ಇತ್ತೇನು?"

"ಇತ್ತ್ರಿ."

ಹವಾಲ್ದಾರನ ಮುಖ ಸ್ವಲ್ಪ ಇಳಿಯಿತು. ಪರವಾನಿಗೆ ಇಲ್ಲದೆ ಇನ್ನು ಹಾರಬಾರದೆಂದು ಹೇಳಿ, ಚಹಾ ಕುಡಿದು, ಹೋದ. ಅವನ ಹಿಂದೆ ಮಶಾಕಸಾಬ ದಂಪತಿಗಳೂ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಪ್ರಶ್ನೆ ಅಂಗಳದಲ್ಲೇ ಉಳಿಯಿತು.

ಮರುದಿನದಿಂದ ಸಿದ್ದರಾಯ ಪರವಾನಿಗೆಗೆ ತಿರುಗಿದ. ವಿಮಾನದ ಪರವಾನಿಗೆ ದೆಹಲಿಯಿಂದ ಬರಬೇಕೆಂದು ಒಂದು ಕಚೇರಿಯಲ್ಲಿ ಹೇಳಿದರು. ಲಗ್ನಕ್ಕೆ ಅಷ್ಟು ದೂರ ಯಾಕೆ ಎಂದು ಇನ್ನೊಂದು ಕಚೇರಿಯ ಗುಮಾಸ್ತ ಕನಿಕರದಿಂದ ಕೇಳಿದ. ಅವನ ಹತ್ತಿರ ಲಗ್ನಕ್ಕೆ ಕೊಡುವ ಪರವಾನಿಗೆಯ ಅಚ್ಚಾದ ನಮೂನೆ ಒಂದೇ ಇತ್ತು, ಧ್ವನಿವರ್ಧಕದ್ದು. ಅದರಲ್ಲಿ 'ಧ್ವನಿವರ್ಧಕ' ಇದ್ದಲ್ಲೆಲ್ಲ ಹೊಡೆದು 'ವಿಮಾನ' ಎಂದು ಬರೆದು ಠಸ್ಸೆ ಒತ್ತಿಕೊಟ್ಟ. 'ವಿಮಾನವನ್ನು ರಾತ್ರಿ ಹತ್ತರ ನಂತರ ಬಳಸತಕ್ಕದ್ದಲ್ಲ. ವಿಮಾನದ ಬಾಯಿಯನ್ನು ಶಾಲೆ, ಆಸ್ಪತ್ರೆಗಳ ಕಡೆಗೆ ತಿರುಗಿಸತಕ್ಕದ್ದಲ್ಲ. ವಿಮಾನವನ್ನು ಕಂಬಕ್ಕೆ ಭದ್ರವಾಗಿ ಕಟ್ಟತಕ್ಕದ್ದು.' ಹವಾಲ್ದಾರ ಅದನ್ನು ಎರಡು ಸಲ ಓದಿ, ಠಸ್ಸೆಯನ್ನು ಮೂರು ಸಲ ನೋಡಿ, ಎಲ್ಲ ಸರಿಯಿದೆ ಎಂದ.

ಸಿದ್ದರಾಯ ಕೂಡ ಹೊಸ ಮನುಷ್ಯನಾಗಿದ್ದ. ಇಂಗ್ಲಿಷ್ ಪುಸ್ತಕ ನೋಡಿ, ಹಾರುವ ಮೊದಲು ಪರೀಕ್ಷಿಸಬೇಕಾದ ಇಪ್ಪತ್ತೆರಡು ಸಂಗತಿಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ. ಫ್ಯಾನಿನ ಬೋಲ್ಟು, ಬೆಲ್ಟು, ದಾರಗಳ ಗಂಟು, ಪ್ಲಗ್ಗಿನ ಸಂದು, ಪೆಟ್ರೋಲ್ ಸೋಸುವ ಜಾಳಿಗೆ, ಮೂರು ನಿಮಿಷ ಎಂಜಿನ್ ಕಾಯಿಸುವುದು. ಎಣ್ಣೆಯ ಬಗ್ಗೆ ಬರೆಯಲಿಲ್ಲ. ಎಣ್ಣೆಯ ವಿಷಯದಲ್ಲಿ ಇಡೀ ಮನೆ ಆಣೆ ಮಾಡಿತ್ತು. ಆಣೆ ಮಾಡಿದ್ದನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ?

ಲಗ್ನದ ದಿನ ಬೆಳಿಗ್ಗೆ ಬಬಲೇಶ್ವರದ ಹೊರಗಿನ ಬಯಲಿನಲ್ಲಿ ಕಂಡ ಶಿಸ್ತನ್ನು ಆ ಊರು ಹಿಂದೆ ಕಂಡಿರಲಿಲ್ಲ. ಮಶಾಕಸಾಬ ಮೊಪೆಡ್ಡಿನ ಮೇಲೆ ಹತ್ತು ಲೀಟರ್ ಪೆಟ್ರೋಲ್ ತಂದ. ಬಂಕಿನಲ್ಲಿ ತುಂಬಿಸಿದ ಕ್ಯಾನನ್ನು ಹಾಗೇ ತಂದು, ಬಂಡಿಯ ಪಕ್ಕದಲ್ಲಿಟ್ಟು, ಎರಡೂ ಕೈ ಎಲ್ಲರಿಗೂ ಕಾಣುವಂತೆ ಬೆನ್ನ ಹಿಂದೆ ಕಟ್ಟಿಕೊಂಡು ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತ. 'ಒಬ್ಬರು' ಎಂದರೆ ಕ್ಯಾಪ್ಟನ್ನೇ ಎಂದು ಅವನು ತಿಳಿದಿದ್ದ; ಬಂಡಿ ಹಾರಿಸುವವನು ಅವನಲ್ಲವೇ. 'ಒಬ್ಬರು' ಎಂದರೆ ಚಾಚಾನೇ ಎಂದು ಸಿದ್ದರಾಯ ತಿಳಿದಿದ್ದ. ಎಂಜಿನ್ ಬಲ್ಲವನು ಅವನಲ್ಲವೇ. ಹಾಜಿರಾಬಿ ತನ್ನ ಮೇಲೆ ಸಂಶಯ ಬಾರದಿರಲೆಂದು ವಿಜಯಪುರದಲ್ಲೇ ಉಳಿದಿದ್ದಳು. ಕಸ್ತೂರಿ ಎಣ್ಣೆ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ ಮೆರವಣಿಗೆಗೆ ಹೋಗಿದ್ದಳು.

ಸಿದ್ದರಾಯ ಪಟ್ಟಿ ಹಿಡಿದು ತಾನೇ ಕೇಳಿ ತಾನೇ ಉತ್ತರಿಸುತ್ತಿದ್ದ. "ಬೆಲ್ಟು? ಐತಿ. ಬೋಲ್ಟು? ಬಿಗಿ ಐತಿ. ಪ್ಲಗ್ಗು? ಸ್ವಚ್ಛ ಐತಿ."

ಮುದುಕವ್ವ ಹೂವಿನ ಚೀಲಗಳ ಪಕ್ಕದಲ್ಲಿ ಕೂತಿದ್ದಳು. ಸೆರಗಿನಡಿ ಏನೋ ಇತ್ತು. ಮಗ ಕ್ಯಾನ್ ಎತ್ತಿ ಟಾಕಿಗೆ ಸುರಿಯುವಾಗ ಅವಳು ಬಗ್ಗಿ ನೋಡಿದಳು. ಪ್ರತಿ ಸಲ ಅದು ಕಬ್ಬಿನ ಹಾಲಿನಂತೆ ಹಸಿರಾಗಿ, ದಪ್ಪಗೆ ಇಳಿಯುತ್ತಿತ್ತು. ಇಂದು ತಿಳಿಯಾಗಿತ್ತು.

"ಸಿದ್ದೂ, ಇದು ಭಾಳ ತೆಳ್ಳಗ ಐತಿ."

"ಯವ್ವಾ, ಆಣಿ ನೆನಪೈತಿಲ್ಲೋ?"

"ಐತಿ."

"ಮತ್ತ?"

"ಏನಿಲ್ಲ. ತೆಳ್ಳಗ ಐತಿ ಅಂದ್ನಿ."

"ಸೆರಗಿನ್ಯಾಗ ಏನೈತಿ?"

ಅವಳು ತೋರಿಸಿದಳು. ಹಾಲಿನ ಕ್ಯಾನಿನ ಮುಚ್ಚಳ, ಅದರ ಜೊತೆ ಸಣ್ಣ ಸೀಸೆಯಲ್ಲಿ ಕುಸುಬೆ ಎಣ್ಣೆ. ಮಗ ಅವಳನ್ನು ಬೈಯಲಿಲ್ಲ, ನಕ್ಕ. ಅವಳು ಮಗನನ್ನು ನೋಡಿದಳು, ಟಾಕಿಯನ್ನು ನೋಡಿದಳು, ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿ ಬಾಚಿದ ಅವನ ತಲೆಯನ್ನು ನೋಡಿದಳು. ಸೀಸೆಯ ಬೂಚನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಸೆರಗಿನೊಳಗೆ ಕಟ್ಟಿಕೊಂಡಳು. ಅರವತ್ತಾರು ವರ್ಷದಲ್ಲಿ ಅವಳು ತನ್ನ ಕೈಯನ್ನು ತಡೆದದ್ದು ಅದೇ ಮೊದಲು.

"ಹೋಗಿ ಬಾ" ಎಂದಳು.

ಸಿದ್ದರಾಯ ಎಂಜಿನ್ನನ್ನು ಮೂರು ನಿಮಿಷ ಕಾಯಿಸಿದ. ಒಳಗೆ ಹಿಂದಿನ ಎಣ್ಣೆಯ ಪಸೆ ಇನ್ನೂ ಇತ್ತು. ಅದು ಅಷ್ಟು ಹೊತ್ತು ತಾಯಿಯಂತೆ ಕಾಪಾಡಿತು. ಬಟ್ಟೆಯ ರೆಕ್ಕೆ ಗಾಳಿ ತುಂಬಿಕೊಂಡು ಎದ್ದಿತು, ಬಂಡಿ ಓಡಿತು, ನೆಲ ಬಿಟ್ಟಿತು.

ಮೆರವಣಿಗೆ ಜೈನಾಪುರದ ಊರ ದಾರಿಯಲ್ಲಿತ್ತು. ವಿಶಾಖಾ ತೆರೆದ ಜೀಪಿನಲ್ಲಿ ಕೂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಡಿಜೆ, ಸಿಕ್ಕದ್ದು ಬ್ಯಾಂಡು ಮತ್ತು ಸಿದ್ದರಾಯ. ಬಂದೋಬಸ್ತಿಗೆ ಬಂದಿದ್ದ ಹವಾಲ್ದಾರ ಪರವಾನಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದ. ಮೊದಲ ಸುತ್ತು, ಚೆಂಡು ಹೂ. ಎರಡನೆಯದು ಸ್ವಲ್ಪ ಕೆಳಗೆ, ಗುಲಾಬಿ. ಬೀಗರ ಕಡೆಯವರು ಫೋನೆತ್ತಿ ಹಿಡಿದರು. ಅಮೋಘಿ ಅವರನ್ನು ನೋಡುತ್ತ ಮೀಸೆ ತಿರುವಿದ.

ಮೊಪೆಡ್ಡಿನಲ್ಲಿ ಬಂದು ಸೇರಿಕೊಂಡ ಮಶಾಕಸಾಬನಿಗೆ ಹವಾಲ್ದಾರ ಹೇಳಿದ: "ಇವತ್ತ ನೋಡ್ರಿ ಸಾಬರ, ಒಂದ ಎಳಿ ಹೊಗಿ ಇಲ್ಲ. ಕಾಯ್ದೆ ಹೇಳಿದ್ರ ಹಿಂಗ ಕೇಳಬೇಕು."

ಮಶಾಕಸಾಬ ತಲೆಯೆತ್ತಿದ. ಬ್ಯಾಂಡಿನ ಗದ್ದಲದಲ್ಲಿ ಎಂಜಿನ್ನಿನ ಸದ್ದು ಅವನಿಗೆ ಸರಿಯಾಗಿ ಕೇಳಿರಲಿಲ್ಲ. ಈಗ ಕೇಳಿದ. ಅದು ತೆಳ್ಳಗೆ, ಗಂಟಲು ಒಣಗಿದವನ ಹಾಡಿನಂತೆ ಇತ್ತು.

ಅವನು ಹೆಂಗಸರ ಗುಂಪಿನಲ್ಲಿದ್ದ ಕಸ್ತೂರಿಯ ಹತ್ತಿರ ಹೋದ. "ತಂಗೀ, ಎಣ್ಣಿ ಯಾರ ಹಾಕ್ಯಾರ?"

"ನೀವ ಹಾಕಿ ತಂದೀರಲ್ರಿ ಚಾಚಾ."

"ನಾ ಮುಟ್ಟೇ ಇಲ್ಲ. ಸಿದ್ದರಾಯ ಹಾಕ್ಯಾನಂತ ತಿಳಕೊಂಡ್ನಿ."

ಕಸ್ತೂರಿ ಸೊಂಟ ಮುಟ್ಟಿ ನೋಡಿಕೊಂಡಳು. ಟ್ರಂಕಿನ ಕೀಲಿ ಅಲ್ಲೇ ಇತ್ತು.

ಮಶಾಕಸಾಬ ಮೆರವಣಿಗೆಯ ಮುಂದಕ್ಕೆ ಓಡಿದ. ಎರಡೂ ಕೈ ಎತ್ತಿ ಬೀಸಿದ, ಕೆಳಗೆ ಇಳಿ ಎಂದು ನೆಲಕ್ಕೆ ಬಡಿದು ತೋರಿಸಿದ, ಮತ್ತೆ ನೆಗೆದು ಬೀಸಿದ. ಬ್ಯಾಂಡಿನವರು ಇದನ್ನು ನೋಡಿ ಲಯ ಏರಿಸಿದರು. ಬೀಗರ ಕಡೆಯ ಹುಡುಗರು ಶಿಳ್ಳೆ ಹಾಕುತ್ತ ಅವನ ಸುತ್ತ ಕುಣಿಯತೊಡಗಿದರು. ಯಾರೋ ಅವನ ತಲೆಗೆ ಗುಲಾಬಿ ರುಮಾಲು ಸುತ್ತಿದರು. "ಲೇ, ಬಿಡ್ರೋ, ಅವಾ ಸಾಯ್ತಾನ" ಎಂದು ಅವನು ಕೂಗಿದ. ಕುಣಿತದ ಹುರುಪಿಗೆ ಕೂಗುತ್ತಿದ್ದಾನೆಂದು ತಿಳಿದ ಹುಡುಗರು ಅವನನ್ನೇ ಹೆಗಲ ಮೇಲೆ ಎತ್ತಿಕೊಂಡರು.

ಕರಾರಿನ ಪ್ರಕಾರ ಮೂರು ಸುತ್ತು. ಮೂರೂ ಮುಗಿದವು. ಸಿದ್ದರಾಯ ಬಯಲಿನ ಕಡೆ ತಿರುಗಿದ್ದ. ಆದರೆ ಕೊನೆಯ ಸಲ ಹಿಂತಿರುಗಿ ನೋಡಿದಾಗ, ನಲವತ್ತು ವರ್ಷ ನಗದ ಚಾಚಾ ಹುಡುಗರ ಹೆಗಲೇರಿ, ರುಮಾಲು ಸುತ್ತಿಕೊಂಡು, ತನ್ನತ್ತ ಕೈ ಬೀಸಿ ಕುಣಿಯುತ್ತಿದ್ದ. ಚೀಲದ ತಳದಲ್ಲಿ ಎರಡು ಬೊಗಸೆ ಹೂ ಉಳಿದಿತ್ತು. ಯಾರೂ ಕೇಳದಿದ್ದ ನಾಲ್ಕನೆಯ ಸುತ್ತಿಗೆ ಅವನು ತಿರುಗಿದ. ಅವನು ಮುದುಕವ್ವನ ಮಗ.

ಹೂ ಕೈಬಿಟ್ಟ ಕ್ಷಣಕ್ಕೇ ಫ್ಯಾನು ನಿಂತಿತು. ನಿಧಾನವಾಗಿ ಅಲ್ಲ, ಯಾರೋ ಹಿಡಿದು ನಿಲ್ಲಿಸಿದಂತೆ. ಬ್ಯಾಂಡಿನವರಿಗೂ ಆ ಸದ್ದು ಕೇಳಿಸಿತು. ಕೆಳಗೆ ಜನ ತುಂಬಿದ್ದರು. ಸಿದ್ದರಾಯ ಜನರ ಮೇಲೆ ಬೀಳದಿರಲು ಎಡಗಡೆಯ ದಾರವನ್ನು ಪೂರ್ತಿ ಎಳೆದ. ಹತ್ತು ದಿನದ ತರಬೇತಿಯಲ್ಲಿ, ಅಷ್ಟು ಕೆಳಗಿರುವಾಗ ಹಾಗೆ ಎಳೆಯಬಾರದು ಎಂದು ಮೂರನೆಯ ದಿನ ಹೇಳಿಕೊಟ್ಟಿದ್ದರು. ಬಂಡಿ ಓರೆಯಾಗಿ ತೂಗಿ, ದ್ರಾಕ್ಷಿಯನ್ನು ಮಣೂಕ ಮಾಡಲು ಒಣಗಿಸುವ ಶೆಡ್ಡಿನ ಅಂಚಿಗೆ ಬಡಿದು, ಪಕ್ಕದಲ್ಲಿ ಹೊಸ ಹಂದರಕ್ಕೆಂದು ಒಟ್ಟಿದ್ದ ಕಲ್ಲುಕಂಬಗಳ ಮೇಲೆ ಬಿತ್ತು.

ಹೂವು ಆಮೇಲೆ ಬಂದು ಮುಟ್ಟಿತು.

ಅಮೋಘಿ ಮೊದಲು ಕಲ್ಲುಕಂಬಗಳ ಕಡೆ ಓಡಿದ. ಅರ್ಧ ದಾರಿಯಲ್ಲಿ ನಿಂತು ಗಡಿಯಾರ ನೋಡಿದ. "ಅಕ್ಕಿಕಾಳು ಹಾಕೂ ಮುಹೂರ್ತ ಬಂದೈತಿ" ಎಂದು ಯಾರಿಗೋ ಹೇಳಿ, ಮತ್ತೆ ಓಡಿದ, ಮತ್ತೆ ನಿಂತ. ಕೊನೆಗೆ ಮಗಳ ಕಡೆಗೇ ತಿರುಗಿ ಹೋದ. ಬೀಗರು ಫೋನುಗಳನ್ನು ಇಳಿಸಿರಲಿಲ್ಲ. ಹವಾಲ್ದಾರ ಜೇಬಿನಿಂದ ಪರವಾನಿಗೆ ತೆಗೆದು, ಬಿದ್ದರೆ ಏನು ಮಾಡಬೇಕೆಂದು ಹುಡುಕಿದ. ಧ್ವನಿವರ್ಧಕ ಬಿದ್ದರೆ ಏನೆಂಬುದನ್ನು ಅಚ್ಚು ಹಾಕಿದವರು ಯೋಚಿಸಿರಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನುಹುರಿಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಕೆಳಗಿನದು ತಿರುಗಿ ಬರುವುದಿಲ್ಲ ಎಂದರು. ಮೇಲಿನದರ ಬಗ್ಗೆ, ಜೀವದ ಬಗ್ಗೆ, ಇನ್ನೂ ಹದಿನೈದು ದಿನ ಏನೂ ಹೇಳಲಾಗುವುದಿಲ್ಲ, ಜ್ವರ ಇಳಿಯಬೇಕು. ನೆಂಟರು ಬಂದರು, ಎಳನೀರು ತಂದರು, ಹಾಸಿಗೆಯ ಪಕ್ಕ ನಿಂತು ಡ್ರೋನ್ ತೆಗೆದುಕೊಂಡಿದ್ದರೆ ಆಗುತ್ತಿತ್ತು ಎಂದರು. ಸಿದ್ದರಾಯ ಕಣ್ಣು ತೆರೆಯದೆ ತುಟಿ ಅಲುಗಿಸಿದ. ಅವನು ಏನೆಂದನೆಂಬುದು ಎಲ್ಲರಿಗೂ ಗೊತ್ತಿತ್ತು.

ಮಶಾಕಸಾಬ ನಾಲ್ಕನೆಯ ದಿನ ಬಂದ. ಬಟ್ಟೆಯಲ್ಲಿ ಸುತ್ತಿ ಪಿಸ್ಟನ್ ತಂದಿದ್ದ. ಅದರ ಪಕ್ಕೆಯ ಮೇಲೆ ಉಗುರಿನಿಂದ ಪರಚಿದಂಥ ಗೆರೆಗಳಿದ್ದವು. ಅದನ್ನು ಮುದುಕವ್ವನ ಕೈಯಲ್ಲಿಟ್ಟು, "ಒಂದ ಮುಚ್ಚಳ ಇದ್ದಿದ್ರ ನೆಲ ಮುಟ್ಟೂತನಕ ಬರತಿತ್ತು, ಅಕ್ಕಾ" ಎಂದ.

"ಯಾವ ಮುಚ್ಚಳ?" ಎಂದು ಅವಳು ಕೇಳಿದಳು.

ಅವನು ಪಿಸ್ಟನ್ ಸುತ್ತಿದ್ದ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಅವಳು ಪಿಸ್ಟನ್ನನ್ನು ತಿರುಗಿಸಿ ನೋಡಿ, ಮಗುವಿನ ಬಟ್ಟಲಿನಂತೆ ಸೆರಗಿನಿಂದ ಒರೆಸಿ, ಮಂಚದ ಕೆಳಗಿಟ್ಟಳು.

ಹನ್ನೊಂದನೆಯ ದಿನ ಸಂತೆ. ಜ್ವರ ಇಳಿದಿರಲಿಲ್ಲ. ಆಸ್ಪತ್ರೆಗೆ ಬುತ್ತಿ ಕಟ್ಟಬೇಕಿತ್ತು. ಮುದುಕವ್ವ ಚೀಲ ಹಿಡಿದು ಬಬಲೇಶ್ವರದ ಸಂತೆಗೆ ಬಂದಳು. ಜನ ದಾರಿ ಬಿಟ್ಟರು. ಸಂಘಮಿತ್ರಾ ಅವಳನ್ನು ಕಂಡು ಎದ್ದು ನಿಂತಳು. ಅವಳು ಯಾವ ಗಿರಾಕಿಗೂ ಎದ್ದು ನಿಂತವಳಲ್ಲ.

"ಸಿದ್ದಣ್ಣ ಹೆಂಗದಾನ ಬೇ?"

"ಅದಾನ. ಅರ್ಧಾ ಕಿಲೋ ಬದನಿಕಾಯಿ ಹಾಕು."

ಸಂಘಮಿತ್ರಾ ತೂಗಿದಳು. ಮುದುಕವ್ವ ಬೆಲೆ ಕೇಳಲಿಲ್ಲ, ಚೀಲ ಒಡ್ಡಿದಳು. ಕಾಯಿ ಬಿದ್ದ ಮೇಲೆ ಸಂಘಮಿತ್ರಾ ಬುಟ್ಟಿಯಿಂದ ಒಂದು, ಎರಡು, ಮೂರು, ಮತ್ತೆ ನಾಲ್ಕನೆಯದನ್ನೂ ಎತ್ತಿ ಚೀಲಕ್ಕೆ ಹಾಕಿದಳು. ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟಳು.

ಮುದುಕವ್ವ ಕೆಳಗೆ ಕೂತಳು. ಚೀಲದಲ್ಲಿ ಕೈಹಾಕಿ ಕೊತ್ತಂಬರಿ ತೆಗೆದು ಬುಟ್ಟಿಯ ಮೇಲಿಟ್ಟಳು. ಒಂದು ಕಾಯಿ ತೆಗೆದಿಟ್ಟಳು. ಎರಡು. ಮೂರು. ನಾಲ್ಕನೆಯದು ಯಾವುದೆಂದು ತಿಳಿಯದೆ ಎಲ್ಲವನ್ನೂ ಮತ್ತೆ ತಕ್ಕಡಿಗೆ ಸುರಿದಳು.

"ತೂಗು. ಅವನ ತಲಿ ಮ್ಯಾಲ ಆಣಿ ಐತಿ."

"ನೀ ಕೇಳಿಲ್ಲ ಬೇ, ನಾನಾಗೇ ಕೊಡಾಕತ್ತೇನಿ. ರೊಕ್ಕದ್ದಲ್ಲ ಅದು" ಎಂದಳು ಸಂಘಮಿತ್ರಾ. "ಸಿದ್ದಣ್ಣಗ ಅಂತ ತಿಳಕೊಂಡು ಒಯ್ಯಿ. ಒಂದರ ಒಯ್ಯಿ."

ತಕ್ಕಡಿಯ ಮುಳ್ಳು ಅಲುಗಿ ಅಲುಗಿ ನಡುವೆ ಬಂದು ನಿಲ್ಲುವವರೆಗೂ ಮುದುಕವ್ವ ಅದನ್ನೇ ನೋಡುತ್ತಿದ್ದಳು. ಸಂಘಮಿತ್ರಾ ಒಂದು ಸಣ್ಣ ಕಾಯಿಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು.

"ಬ್ಯಾಡ" ಎಂದಳು ಮುದುಕವ್ವ.